ಹೆಳವರ ಹೊತ್ತಿಗೆ, ತಲಾಠಿಯ ದಫ್ತರ

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಒಂದು ಮನೆತನದ ಹಿಂದಿನ ಏಳೆಂಟು ತಲೆಮಾರುಗಳನ್ನು ಪತ್ತೆಹಚ್ಚಲು ಹೊರಟವರಿಗೆ ಆಧಾರಗಳ ಕೊರತೆ ಎದುರಾಗುವುದು ಅಪರೂಪ. ಎದುರಾಗುವ ತೊಡಕು ಬೇರೆಯೇ ಆಗಿದೆ. ಎತ್ತಿನ ಮೇಲೆ ಬರುವ ಹೆಳವನ ಹೊತ್ತಿಗೆ ಹೇಳುವ ವಂಶಕ್ಕೂ, ನಾಸಿಕ್-ತ್ರ್ಯಂಬಕದ ತೀರ್ಥಪುರೋಹಿತನ ಚೋಪಡಿಯಲ್ಲಿರುವ ವಂಶಕ್ಕೂ, ಊರಿನ ಕಂದಾಯ ಲೆಕ್ಕಿಗನಾದ ತಲಾಠಿಯ ದಫ್ತರದಲ್ಲಿ ದಾಖಲಾದ ವಂಶಕ್ಕೂ ಎಲ್ಲೋ ಒಂದು ಕಡೆ ತಾಳೆ ತಪ್ಪುತ್ತದೆ, ಮತ್ತು ತಪ್ಪಿದ ಜಾಗದಲ್ಲಿ ಯಾವುದನ್ನು ನಂಬಬೇಕೆಂಬ ಪ್ರಶ್ನೆ ಏಳುತ್ತದೆ. ಈ ಆಧಾರಗಳಲ್ಲಿ ಯಾವುದೂ ಮನೆತನದ ಇತಿಹಾಸಕ್ಕೆಂದು ಹುಟ್ಟಿದ್ದಲ್ಲ. ಹೆಳವನದು ಕಾಳಿನ ಹಕ್ಕಿಗಾಗಿ, ಪುರೋಹಿತನದು ಪಿಂಡದ ದಕ್ಷಿಣೆಗಾಗಿ, ತಲಾಠಿಯದು ಭೂಕಂದಾಯಕ್ಕಾಗಿ ಹುಟ್ಟಿದವು. ಯಾರ ಹಕ್ಕಿಗಾಗಿ ದಾಖಲೆ ಹುಟ್ಟಿತೋ ಅವರ ಕಣ್ಣಿನಿಂದಲೇ ಅದು ಮನೆತನವನ್ನು ಕಂಡಿದೆ ಎಂಬುದನ್ನು ಮರೆತ ಸಂಶೋಧಕ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾನೆ.

ಈ ಸೀಮೆಯ ವಂಶಾಧಾರಗಳಲ್ಲಿ ಅತ್ಯಂತ ವಿಶಿಷ್ಟವಾದುದು ಹೆಳವರದು. 'ಹೆಳವ' ಎಂದರೆ ಕುಂಟ. ಅನೇಕ ಅಣ್ಣತಮ್ಮಂದಿರಲ್ಲಿ ಒಬ್ಬ ಕುಂಟನಾಗಿ ಹುಟ್ಟಿ ಹೊಲ ಉಳಲಾರದೆ ಹೋದಾಗ, ಉಳಿದವರು ಅವನನ್ನು ಎತ್ತಿನ ಮೇಲೆ ಕೂರಿಸಿ, ತಮ್ಮ ಕುಲವನ್ನು ಹಾಡಿ ಹೇಳುವ ಕೆಲಸವನ್ನು ಅವನಿಗೆ ವಹಿಸಿ, ಪ್ರತಿಯಾಗಿ ಕಾಳುಕಡಿ ಕೊಡಲು ಒಪ್ಪಿದರೆಂಬ ಕಥೆ ಹಲವು ಪಾಠಗಳಲ್ಲಿ ಪ್ರಚಲಿತವಿದೆ. ತೆಲುಗು ಸೀಮೆಯಲ್ಲಿ ಇದೇ ವೃತ್ತಿಯವರನ್ನು ಪಿಚ್ಚಿಗುಂಟಲವರೆಂದು ಕರೆಯುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಸಂಪುಟಗಳಲ್ಲಿ ಅವರ ವಿವರ ಸಿಗುತ್ತದೆ. ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಅದರೊಳಗಿರುವ ಕರಾರು ಮುಖ್ಯವಾದುದು: ವಂಶವನ್ನು ನೆನಪಿಡುವವನು ಆ ವಂಶದ ಪಾಲುದಾರನೇ, ಆದರೆ ಭೂಮಿಯಲ್ಲಿ ಪಾಲಿಲ್ಲದ ಪಾಲುದಾರ. ಆದ್ದರಿಂದಲೇ ಸುಗ್ಗಿಯ ನಂತರ ಹೆಳವ ಕೇಳುವ ಜೋಳ, ಬಟ್ಟೆ, ಹಿತ್ತಾಳೆಯ ತಂಬಿಗೆ, ಸ್ಥಿತಿವಂತರ ಮನೆಯಾದರೆ ಆಕಳ ಕರು ಇವು ಅವನ ದೃಷ್ಟಿಯಲ್ಲಿ ಭಿಕ್ಷೆಯಲ್ಲ, ಬಾಕಿ.

ಒಂದು ಮನೆಯ ಅಂಗಳದಲ್ಲಿ ಹೆಳವ ಹೊತ್ತಿಗೆ ಬಿಚ್ಚಿದಾಗ ಓದಿನ ಕ್ರಮ ಸಾಮಾನ್ಯವಾಗಿ ಹೊರಗಿನಿಂದ ಒಳಗೆ ಬರುತ್ತದೆ. ಮೊದಲು ಕುಲ, ಬಳಿಕ 'ಬೆಡಗು', ಅಂದರೆ ಒಂದೇ ಜಾತಿಯೊಳಗೆ ಪರಸ್ಪರ ಮದುವೆಯಾಗದ ರಕ್ತಸಂಬಂಧಿಗಳ ಗುಂಪು. ಆಮೇಲೆ ಮನೆದೇವರು, ಮೂಲ ಊರು, ಅಲ್ಲಿಂದ ಎಬ್ಬಿಸಿದ ಬರ ಅಥವಾ ಜಗಳ, ನಡುವೆ ತಂಗಿದ ಊರುಗಳು, ಮೂಲಪುರುಷ, ಅವನ ಗಂಡುಮಕ್ಕಳು, ಅವರವರ ಕವಲುಗಳು, ಕೊನೆಗೆ ಎದುರಿಗೆ ಕುಳಿತಿರುವ ಮನೆಯ ಯಜಮಾನ. ಓದು ಮುಗಿದ ಮೇಲೆ ಹಿಂದಿನ ಭೇಟಿಯ ನಂತರ ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸುತ್ತಾನೆ, ಕಾಣಿಕೆ ಪಡೆಯುತ್ತಾನೆ, ಹೊರಡುತ್ತಾನೆ. ಮುಂದಿನ ಭೇಟಿ ಹತ್ತಿಪ್ಪತ್ತು ವರ್ಷದ ಮೇಲಾದರೂ ಆಗಬಹುದು, ಆ ಹೊತ್ತಿಗೆ ಬರುವವನು ಅವನ ಮಗನೂ ಆಗಿರಬಹುದು. ಹಿಂದೆ ತಾಳೆಗರಿ, ತಾಮ್ರಪಟಗಳಲ್ಲಿದ್ದುದು ಈಗ ಕಾಗದದ ದಪ್ಪ ಪುಸ್ತಕಗಳಿಗೆ ಇಳಿದಿದೆ. ಹೆಳವರ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಹೊಲಮನೆಯಂತೆ ಅವರು ಸುತ್ತುವ ಊರುಗಳೂ ಪಾಲಾಗುವುದರಿಂದ, ಒಂದು ಮನೆತನದ ಕವಲುಗಳು ಬೇರೆ ಬೇರೆ ಊರಿನಲ್ಲಿದ್ದರೆ ಅವುಗಳ ದಾಖಲೆ ಬೇರೆ ಬೇರೆ ಹೆಳವರ ಕೈಯಲ್ಲಿ ಇರುವ ಸಾಧ್ಯತೆ ಹೆಚ್ಚು. ಸಂಶೋಧಕ ಕೇಳಬೇಕಾದುದು 'ನಮ್ಮ ಹೆಳವ ಯಾರು' ಎಂದಲ್ಲ, 'ನಮ್ಮ ಊರು ಯಾವ ಹೆಳವನ ಪಾಲಿಗೆ ಬಂದಿದೆ' ಎಂದು.

ಲಿಂಗಾಯತ, ಕುರುಬ, ರೆಡ್ಡಿ ಮೊದಲಾದ ಒಕ್ಕಲು ಮತ್ತು ಕುರಿಗಾರ ಮನೆತನಗಳಿಗೆ ಹೆಳವರ ಹೊತ್ತಿಗೆ ದೊಡ್ಡ ಆಧಾರ. ಆದರೆ ಅದರಲ್ಲಿ ತಾರೀಖುಗಳು ವಿರಳ. ಮೂಲಪುರುಷನ ಕಾಲ ತಿಳಿಯಬೇಕಾದರೆ ತಲೆಮಾರೊಂದಕ್ಕೆ ಇಪ್ಪತ್ತೈದು ವರ್ಷ ಹಿಡಿದು ಎಣಿಸುವ ಅಂದಾಜು ಬಿಟ್ಟರೆ ಅನ್ಯ ದಾರಿ ಇಲ್ಲ, ಮತ್ತು ಈ ಅಂದಾಜಿಗೆ ಸೀಮೆಯ ನಾಮಕರಣದ ರೂಢಿಯೇ ಅಡ್ಡಿಯಾಗುತ್ತದೆ. ಹಿರಿಯ ಮಗನ ಮಗನಿಗೆ ಅಜ್ಜನ ಹೆಸರಿಡುವುದರಿಂದ ರಾಮಪ್ಪನ ಮಗ ಬಸಪ್ಪ, ಬಸಪ್ಪನ ಮಗ ರಾಮಪ್ಪ, ಅವನ ಮಗ ಮತ್ತೆ ಬಸಪ್ಪ ಎಂದು ಎರಡೇ ಹೆಸರು ನೂರೈವತ್ತು ವರ್ಷ ಹೊಸೆದುಕೊಂಡು ಬರುತ್ತವೆ. ಪ್ರತಿ ಮಾಡುವಾಗ ಒಂದು ಜೊತೆ ಬಿಟ್ಟುಹೋದರೂ ಸಾಲು ಸರಿಯಾಗಿಯೇ ಓದಿಸಿಕೊಳ್ಳುತ್ತದೆ. ಯುರೋಪಿನ ಅಶ್ಕೆನಾಜಿ ಯಹೂದಿಗಳಲ್ಲಿ ಬದುಕಿರುವ ಹಿರಿಯರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಆದ್ದರಿಂದ ಅಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿದ್ದರೆ, ಅಜ್ಜ ಆ ಹೊತ್ತಿಗೆ ತೀರಿಕೊಂಡಿದ್ದನೆಂದು ಊಹಿಸಬಹುದು. ಚಿಕ್ಕೋಡಿ ಸೀಮೆಯಲ್ಲಿ ಅಂಥ ಊಹೆಗೆ ಎಡೆಯಿಲ್ಲ.

ಯಹೂದಿಗಳ ಪ್ರಸ್ತಾಪ ಇಲ್ಲಿ ಬರಿಯ ಅಲಂಕಾರಕ್ಕಲ್ಲ. ಚದುರಿಹೋದ ಜನರ ವಂಶವನ್ನು ಅರೆಬರೆ ಆಧಾರಗಳಿಂದ ಮತ್ತೆ ಕಟ್ಟುವ ವಿದ್ಯೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಯಹೂದಿ ಸಂಶೋಧಕರ ಕೈಯಲ್ಲಿ ಬಹಳ ಹರಿತವಾಯಿತು. ಅಲ್ಲದೆ ಸಹ್ಯಾದ್ರಿ ಇಳಿದರೆ ಸಿಗುವ ಕೊಂಕಣದಲ್ಲೇ ಬೆನೆ ಇಸ್ರೇಲ್ ಎಂಬ ಮರಾಠಿ ಮಾತಿನ ಯಹೂದಿ ಸಮುದಾಯವಿತ್ತು. ಎಣ್ಣೆ ಗಾಣ ನಡೆಸುತ್ತ ಶನಿವಾರ ಬಿಡುವು ಪಡೆಯುತ್ತಿದ್ದ ಕಾರಣಕ್ಕೆ 'ಶನಿವಾರ ತೇಲಿ'ಗಳೆಂದು ಕರೆಸಿಕೊಂಡ ಈ ಜನ, ತಾವಿದ್ದ ಊರುಗಳಿಂದ ಅಡ್ಡಹೆಸರು ಪಡೆದರು: ಪೇಣದವರು ಪೇಣಕರ, ರೋಹಾದವರು ರೋಹೇಕರ, ಕಿಹಿಮದವರು ಕೆಹಿಮಕರ. ಇದೇ ಸಮುದಾಯದ ಹಾಯೀಮ್ ಸಾಮ್ಯುಯೆಲ್ ಕೆಹಿಮಕರ ಬರೆದ ಬೆನೆ ಇಸ್ರೇಲರ ಇತಿಹಾಸ 1937ರಲ್ಲಿ ಟೆಲ್ ಅವೀವ್‌ನಲ್ಲಿ ಅಚ್ಚಾಯಿತು. ಊರಿನ ಹೆಸರೇ ಮನೆತನದ ಹೆಸರಾಗುವ ಪದ್ಧತಿ ಗಡಿಸೀಮೆಯದೂ ಹೌದು. ಮರಾಠಿಯಲ್ಲಿ 'ಕರ' ಸೇರುತ್ತದೆ, ಕನ್ನಡದಲ್ಲಿ ಅಥಣಿ, ಚಿಕ್ಕೋಡಿ, ಐನಾಪುರ, ಹಾರೂಗೇರಿ ಎಂದು ಊರಿನ ಹೆಸರು ಬರಿದೇ ನಿಲ್ಲುತ್ತದೆ. ಇಂಥ ಹೆಸರು ಒಂದು ಮನೆತನ ಬಿಟ್ಟುಬಂದ ಊರನ್ನು ಹೇಳುತ್ತದೆಯೇ ಹೊರತು ನೆಲೆ ನಿಂತ ಊರನ್ನಲ್ಲ, ಏಕೆಂದರೆ ಅಥಣಿಯಲ್ಲೇ ಇರುವವನನ್ನು ಅಥಣಿಯವನೆಂದು ಗುರುತಿಸುವ ಅಗತ್ಯ ಅಥಣಿಯವರಿಗೆ ಇರುವುದಿಲ್ಲ. ಊರಿನ ಒಡೆತನವಿದ್ದವರು ಮಾತ್ರ ಇದಕ್ಕೆ ಹೊರತು. ನಿಪ್ಪಾಣಿಯ ಜಹಗೀರುದಾರ ಸಿದ್ದೋಜಿರಾವ್ ನಾಯಕ ನಿಂಬಾಳಕರ ನಿಪ್ಪಾಣಿಯಲ್ಲಿದ್ದುಕೊಂಡೇ ನಿಪಾಣಕರ ಎನಿಸಿದರು.

ಆ ಮನೆತನದ ಕಥೆಯೇ ಸರಕಾರಿ ದಾಖಲೆಗಳತ್ತ ಕರೆದೊಯ್ಯುತ್ತದೆ. ಸಿದ್ದೋಜಿರಾವ್ 1839ರಲ್ಲಿ ತೀರಿಕೊಂಡಾಗ ಈಸ್ಟ್ ಇಂಡಿಯಾ ಕಂಪನಿ ಸರಕಾರ ವಾರಸುದಾರಿಕೆಯನ್ನು ಒಪ್ಪದೆ ಸಂಸ್ಥಾನವನ್ನು ವಶಪಡಿಸಿಕೊಂಡಿತು, ಎರಡು ವರ್ಷದೊಳಗೆ ನಿಪ್ಪಾಣಿಯ ಕೋಟೆಯಲ್ಲಿ ದಂಗೆಯೆದ್ದಿತು. ಯಾರು ಯಾರ ಮಗ ಎಂಬುದು ಆ ಕಾಲದಲ್ಲಿ ಸಂಸ್ಥಾನ ಉಳಿಯುವ ಅಥವಾ ಅಳಿಯುವ ಪ್ರಶ್ನೆಯಾಗಿತ್ತು. ಇನಾಮು ಭೂಮಿಗಳ ಒಡೆತನವನ್ನು ಪರಿಶೀಲಿಸಲು 1852ರ 11ನೆಯ ಕಾಯದೆಯ ಮೂಲಕ ಅಧಿಕಾರ ಪಡೆದ ಇನಾಮು ಕಮಿಷನ್ನು ದಕ್ಷಿಣ ಮರಾಠಾ ಸೀಮೆಯ ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಗೌಡ, ಮಠ, ದರ್ಗಾ, ಬಸದಿಗಳೆಲ್ಲದರಿಂದ ಸನದುಗಳನ್ನೂ, ಮೊದಲ ಪಡೆದಾತನಿಂದ ಹಾಲಿ ಅನುಭವಿಸುವವನವರೆಗಿನ ಪೀಳಿಗೆಯ ವಿವರವನ್ನೂ ಕೇಳಿತು. ಇಂಥ ವಂಶಪಟ್ಟಿಗೆ ದಫ್ತರದ ಭಾಷೆಯಲ್ಲಿ 'ಕುರ್ಸಿನಾಮೆ' ಎನ್ನುತ್ತಾರೆ. ಭೂಮಿ ಕಳೆದುಕೊಳ್ಳುವ ಭಯದಲ್ಲಿ ಬರೆಸಿದ ಕುರ್ಸಿನಾಮೆ ಅತ್ಯಂತ ವಿವರವಾಗಿರುತ್ತದೆ, ಅದೇ ಭಯದ ದೆಸೆಯಿಂದ ಅತ್ಯಂತ ಸಂಶಯಾಸ್ಪದವೂ ಆಗಿರುತ್ತದೆ. ಬೇರೆಯಾಗಿ ಹೋಗಿದ್ದ ದಾಯಾದಿ ಅದರಲ್ಲಿ ಸಂತಾನವಿಲ್ಲದೆ ಸತ್ತಿರುತ್ತಾನೆ, ದತ್ತುಪುತ್ರ ಹೊಟ್ಟೆಯ ಮಗನಾಗಿರುತ್ತಾನೆ.

ದಾಖಲೆ ಎಲ್ಲಿದೆ ಎಂಬುದು ಊರು ಯಾವಾಗ ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ಅವಲಂಬಿಸಿದೆ. ಚಿಕ್ಕೋಡಿ 1820ರ ದಶಕದಲ್ಲಿ ಕೊಲ್ಹಾಪುರದ ಕೈಯಿಂದ ಕಂಪನಿಗೆ ಬಂದಿತು. ಬೆಳಗಾವಿ ಜಿಲ್ಲೆ ರಚನೆಯಾದುದು 1836ರಲ್ಲಿ, ಅದಕ್ಕೆ ಮುಂಚಿನ ಕಂಪನಿಯ ಕಾಗದಪತ್ರಗಳು ಧಾರವಾಡದ ಹೆಸರಿನಲ್ಲಿವೆ. ಕಾಗವಾಡ ಪಟವರ್ಧನ ಮನೆತನದ ಶಾಖೆಯೊಂದರ ಜಹಗೀರಾಗಿತ್ತು. ರಾಯಬಾಗವಂತೂ 1949ರವರೆಗೆ ಕೊಲ್ಹಾಪುರ ಸಂಸ್ಥಾನದ್ದೇ ಆಗಿದ್ದುದರಿಂದ, ರಾಯಬಾಗದ ಒಕ್ಕಲು ಮನೆತನವೊಂದರ ಹತ್ತೊಂಬತ್ತನೆಯ ಶತಮಾನದ ಕಾಗದವನ್ನು ಬೆಳಗಾವಿಯಲ್ಲಿ ಹುಡುಕುವುದು ಹೊಳೆ ದಾಟಿ ನೀರು ಕೇಳಿದಂತೆ. ಅದಕ್ಕೆ ಕೊಲ್ಹಾಪುರದ ಪುರಾಭಿಲೇಖಾಗಾರಕ್ಕೇ ಹೋಗಬೇಕು. ಪೇಶ್ವೆಯ ಕಾಲದವು ಪುಣೆಯಲ್ಲಿ, 'ರುಮಾಲು' ಎಂದು ಕರೆಯುವ ಬಟ್ಟೆಯ ಗಂಟುಗಳಲ್ಲಿ, ಸಾವಿರಾರು ಸಂಖ್ಯೆಯಲ್ಲಿವೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಹಳೆಯ ದಫ್ತರ ಮಾತ್ರ ಹೀಗೆ ಗಡಿಯ ಎರಡೂ ಬದಿಗೆ ಹಂಚಿಕೊಂಡು ಉಳಿಯಿತು.

ಈ ಕಾಗದಗಳನ್ನು ಮುಟ್ಟುವ ಮೊದಲು ಕಲಿಯಬೇಕಾದ ವಿದ್ಯೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ. ಹಾಳೆಯ ಉದ್ದಕ್ಕೂ ಮೊದಲು ತಲೆಗೆರೆ ಎಳೆದು, ಲೇಖಣಿಯನ್ನು ಆದಷ್ಟು ಎತ್ತದೆ, ಪದಪದದ ನಡುವೆ ಜಾಗ ಬಿಡದೆ ಬರೆಯುವ ಈ ಲಿಪಿಯಲ್ಲಿ ಇ-ಈ, ಉ-ಊಗಳ ಭೇದವನ್ನು ಪಾಲಿಸುವ ರೂಢಿಯಿಲ್ಲ. ಕನ್ನಡದ ಹೆಸರುಗಳಿಗೆ ಇನ್ನೊಂದು ಸಂಕಟವಿದೆ: ಹ್ರಸ್ವ ಎಕಾರ, ಒಕಾರಗಳು ಮೋಡಿಯಲ್ಲಿ ಇಲ್ಲವೇ ಇಲ್ಲ. ಕೆಂಚಪ್ಪ ಅಲ್ಲಿ ಕೇಂಚಪ್ಪನಾಗುತ್ತಾನೆ, ಹೊಳೆಪ್ಪ ಹೋಳೇಪ್ಪನಾಗುತ್ತಾನೆ. ಅದನ್ನು ಮುಂದೆ ಬಾಳಬೋಧಕ್ಕೂ (ದೇವನಾಗರಿಗೂ) ಇಂಗ್ಲಿಷಿಗೂ ಇಳಿಸಿದ ಕಾರಕೂನ ತನ್ನ ಕಿವಿಗೆ ಬಂದಂತೆ ತಿದ್ದುತ್ತಾನೆ, ಒಂದೇ ಮನುಷ್ಯ ಮೂರು ಕಾಗದಗಳಲ್ಲಿ ಮೂವರಾಗಿ ಕಾಣುತ್ತಾನೆ. ಪೂರ್ವ ಯುರೋಪಿನ ಯಹೂದಿ ಅಡ್ಡಹೆಸರುಗಳು ಪೋಲಿಷ್, ರಷ್ಯನ್, ಜರ್ಮನ್ ದಾಖಲೆಗಳಲ್ಲಿ ಇದೇ ಪಾಡು ಪಟ್ಟವು. ಅದನ್ನು ಬಿಡಿಸಲು ಗ್ಯಾರಿ ಮೊಕೊಟಾಫ್ ಮತ್ತು ರ್‍ಯಾಂಡಿ ಡೈಚ್ ಎಂಬಿಬ್ಬರು 1985ರ ಹೊತ್ತಿಗೆ, ಕಿವಿಗೆ ಒಂದೇ ಆಗಿ ಕೇಳುವ ಅಕ್ಷರಗಳಿಗೆ ಒಂದೇ ಅಂಕಿ ಕೊಟ್ಟು, ಬರಹ ಬೇರೆಯಾದರೂ ಉಚ್ಚಾರ ಸಮೀಪವಿರುವ ಹೆಸರುಗಳೆಲ್ಲ ಹುಡುಕಾಟದಲ್ಲಿ ಒಟ್ಟಿಗೆ ಸಿಗುವಂತೆ ಒಂದು ಸಂಕೇತ ಪದ್ಧತಿಯನ್ನು ರೂಪಿಸಿದರು. ಕನ್ನಡ-ಮೋಡಿ-ಇಂಗ್ಲಿಷ್‌ಗಳ ನಡುವೆ ತಿರುಚಿಕೊಂಡ ಹೆಸರುಗಳಿಗೂ ಅಂಥದೊಂದು ಪದ್ಧತಿ ಬೇಕಾಗಿದೆ.

ಕಾಲಗಣನೆಯೂ ಅಷ್ಟೇ ಎಚ್ಚರ ಬೇಡುತ್ತದೆ. ಶಕ ವರ್ಷಕ್ಕೆ 78, ದಖ್ಖನಿನ ಫಸಲಿಗೆ 590, ಮರಾಠರ ಕಾಗದಗಳಲ್ಲಿ ಅರಬ್ಬಿ ಸಂಖ್ಯಾಪದಗಳಲ್ಲಿ ಬರೆದಿರುವ ಸುಹೂರ್ ಸನ್ನಿಗೆ 599 ಕೂಡಿಸಿದರೆ ಕ್ರಿಸ್ತ ವರ್ಷ ಬರುತ್ತದೆ, ವರ್ಷದ ಯಾವ ಭಾಗವೆಂಬುದನ್ನು ನೋಡಿ ಇನ್ನೊಂದನ್ನು ಸೇರಿಸಬೇಕಾಗಬಹುದು. ಯಹೂದಿಗಳ ಸಮಾಧಿಶಿಲೆಗಳಲ್ಲಿ ವರ್ಷವನ್ನು ಹೀಬ್ರೂ ಅಕ್ಷರಗಳಲ್ಲಿ, ಸಾವಿರದ ಸ್ಥಾನ ಬಿಟ್ಟು ಬರೆಯುವುದರಿಂದ ಅಲ್ಲಿ 1240 ಕೂಡಿಸುವ ಲೆಕ್ಕವಿದೆ.

ಸಾಮಾನ್ಯ ರೈತ ಕುಟುಂಬಕ್ಕೆ ಸುಲಭವಾಗಿ ಸಿಗುವುದು 'ಉತಾರ', ಅಂದರೆ ಪಹಣಿ. ಇಪ್ಪತ್ತನೆಯ ಶತಮಾನಕ್ಕೆ ಮೊದಲು ಕಂದಾಯ ಪುಸ್ತಕದಲ್ಲಿ ಖಾತೆದಾರನಾಗಿ ಹಿರಿಯಣ್ಣ ಒಬ್ಬನ ಹೆಸರಿದ್ದರೆ ಸಾಕಾಗಿತ್ತು; ಮುಂಬಯಿ ಸರಕಾರ 1903ರಲ್ಲಿ ಹಕ್ಕುದಾಖಲೆ ಕಾಯದೆ ತಂದ ಮೇಲೆ ಪಾಲುದಾರರೆಲ್ಲರ ಹೆಸರು, ಅವರ ಹಕ್ಕು ಹೇಗೆ ಬಂದಿತೆಂಬ ಕಾರಣ, ಬದಲಾವಣೆಯ ನೋಂದಣಿ ಪುಸ್ತಕದಲ್ಲಿ ಏರತೊಡಗಿದವು. ಮನೆತನದ ಇತಿಹಾಸಕಾರನಿಗೆ ಪಹಣಿಗಿಂತ ಈ ಬದಲಾವಣೆಯ ನೋಂದಣಿಯೇ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಸಾವು, ದತ್ತು, ವಾಟ್ನಿ (ಆಸ್ತಿಯ ಪಾಲು), ಖರೀದಿ ಎಲ್ಲವೂ ಅಲ್ಲಿ ತಾರೀಖಿನೊಂದಿಗೆ ನಿಲ್ಲುತ್ತವೆ. 2000ದ ಸುಮಾರಿಗೆ ಕರ್ನಾಟಕದ 'ಭೂಮಿ' ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಅಂದಿನ ಸ್ಥಿತಿ ಏರಿತು. ಹಿಂದಿನ ಕತೆ ಕೈಬರಹದ ಪುಸ್ತಕದಲ್ಲೇ ಇದೆ. ವಾರಸಾ ನೋಂದಣಿಯ ಸಾಲೊಂದು ಸ್ಥೂಲವಾಗಿ ಹೀಗಿರುತ್ತದೆ: ಬಸಪ್ಪ ಬಿನ್ ರಾಮಪ್ಪ ಮಯತ, ವಾರಸ ಮಗ ಶಿವಪ್ಪ, ಅ.ಪಾ.ಕ. ತಾಯಿ ಗಂಗವ್ವ ಕೋಂ ಬಸಪ್ಪ. 'ಬಿನ್' ಎಂದರೆ ಮಗ, 'ಮಯತ' ಎಂದರೆ ತೀರಿಕೊಂಡವನು, 'ಕೋಂ' ಎಂದರೆ ಹೆಂಡತಿ, 'ಅ.ಪಾ.ಕ.' ಎಂದರೆ ಅಜ್ಞಾನ ಪಾಲನಕರ್ತ, ಅಂದರೆ ಪ್ರಾಯಕ್ಕೆ ಬಾರದ ಮಗುವಿನ ಪೋಷಕ. ಒಂದು ಸಾಲಿನಲ್ಲಿ ಮೂರು ತಲೆಮಾರು ಇವೆ, ಒಂದು ಅಕಾಲಿಕ ಸಾವೂ ಇದೆ.

ಶಾಲೆಯ ದಾಖಲಾತಿ ಪುಸ್ತಕವನ್ನೂ ಜನ ಜನ್ಮಪತ್ರದಂತೆ ನಂಬುತ್ತಾರೆ. ಅದರಲ್ಲಿ ಊರಿನ ಅರ್ಧ ಮಕ್ಕಳು ಜೂನ್ 1ರಂದು ಹುಟ್ಟಿರುವುದನ್ನು ಕಂಡರೆ ಮಾಸ್ತರರು ಕ್ಯಾಲೆಂಡರಿನತ್ತ ನೋಡಿದರೋ ಮಗುವಿನತ್ತ ನೋಡಿದರೋ ಎಂಬುದು ತಿಳಿಯುತ್ತದೆ.

ಧರ್ಮಪೀಠಗಳ ಪರಂಪರೆಗಳು ಬೇರೆ ಬಗೆಯ ಆಧಾರ. ಅಥಣಿಯ ಗಚ್ಚಿನ ಮಠವಾಗಲಿ, ಸದಲಗಾ, ಭೋಜ, ಶೇಡಬಾಳ ಮೊದಲಾದ ಊರುಗಳ ಜೈನ ಸಮಾಜವಾಗಲಿ ಕಾಪಾಡಿಕೊಂಡು ಬಂದಿರುವುದು ಮುಖ್ಯವಾಗಿ ಗುರುಶಿಷ್ಯರ ಸಾಲನ್ನು. ಜೈನರಲ್ಲಿ ಅದಕ್ಕೆ 'ಪಟ್ಟಾವಳಿ' ಎಂಬ ಹೆಸರೇ ಇದೆ. ಅದು ರಕ್ತದ ಸಾಲಲ್ಲ. ಆದರೆ ಯಾವ ಮನೆತನ ಯಾವ ಮಠದ ಶಿಷ್ಯವರ್ಗ ಎಂಬುದು ಗೊತ್ತಾದರೆ ಆ ಮನೆತನ ಎಲ್ಲಿಂದ ಬಂದಿತೆಂಬುದಕ್ಕೆ ಸುಳಿವು ಸಿಗುತ್ತದೆ, ಊರು ಬಿಟ್ಟವರು ಗುರುಮನೆಯನ್ನು ಸುಲಭಕ್ಕೆ ಬಿಡುತ್ತಿರಲಿಲ್ಲ.

ಹೆಳವನ ಹೊತ್ತಿಗೆ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆ ವಾಟ್ನಿ ದಾವೆಗಳಲ್ಲಿ ಏಳುವಂಥದು. 1872ರ ಸಾಕ್ಷ್ಯ ಕಾಯದೆಯ 32ನೆಯ ಕಲಮು, ಸತ್ತುಹೋದ ಅಥವಾ ಹಾಜರಾಗಲಾರದ ವ್ಯಕ್ತಿ ರಕ್ತಸಂಬಂಧ, ಮದುವೆ, ದತ್ತುಗಳ ಬಗ್ಗೆ ಹೇಳಿದ ಮಾತನ್ನು, ಆತನಿಗೆ ಅದನ್ನು ತಿಳಿಯುವ ವಿಶೇಷ ಅವಕಾಶವಿದ್ದು, ವ್ಯಾಜ್ಯ ಹುಟ್ಟುವ ಮೊದಲೇ ಆ ಮಾತು ಬಂದಿದ್ದರೆ, ಪರಿಗಣಿಸಲು ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ತತ್ತ್ವ ಮುಂದುವರಿದಿದೆ. ವ್ಯಾಜ್ಯ ಹುಟ್ಟುವ ಮೊದಲು ಎಂಬ ಷರತ್ತು ನ್ಯಾಯಾಧೀಶನಿಗಷ್ಟೇ ಅಲ್ಲ, ಇತಿಹಾಸಕಾರನಿಗೂ ಒಳ್ಳೆಯ ಒರೆಗಲ್ಲು. ಇತ್ತ ಮಹಾರಾಷ್ಟ್ರದಲ್ಲಿ 2023ರಲ್ಲಿ, ಮೀಸಲಾತಿಗೆ ಆಧಾರವಾಗುವಂತೆ ಮರಾಠರನ್ನು ಕುಣಬಿಗಳೆಂದು ಬರೆದಿರುವ ನಮೂದುಗಳನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನೇಮಕವಾದ ಮೇಲೆ ಹಳೆಯ ಮೋಡಿ ಕಾಗದಗಳಿಗೂ ಅವನ್ನು ಓದಬಲ್ಲವರಿಗೂ ಎಲ್ಲಿಲ್ಲದ ಬೇಡಿಕೆ ಬಂದಿತು, ವಂಶಾವಳಿ ಮತ್ತೊಮ್ಮೆ ಹಕ್ಕಿನ ಕಾಗದವಾಯಿತು.

ಅಮೆರಿಕದ ಯೂಟಾದಲ್ಲಿ ನೆಲೆಯಿರುವ, ಮಾರ್ಮನ್ ಚರ್ಚಿನ ಅಂಗವಾದ ಫ್ಯಾಮಿಲಿಸರ್ಚ್ ಸಂಸ್ಥೆ ಹರಿದ್ವಾರದ ತೀರ್ಥಪುರೋಹಿತರಾದ ಪಂಡಾಗಳ ಬಹಿಗಳನ್ನು (ವಂಶಾವಳಿ ಪುಸ್ತಕಗಳನ್ನು) 1970ರ ದಶಕದಿಂದಲೇ ಮೈಕ್ರೋಫಿಲ್ಮಿಗೆ ಇಳಿಸತೊಡಗಿತ್ತು. ಈಚೆಗೆ ಹೆಳವರ ಹೊತ್ತಿಗೆಗಳನ್ನೂ ಡಿಜಿಟಲ್ ರೂಪಕ್ಕೆ ತರುತ್ತಿದೆ. ಗೆದ್ದಲು, ಮಳೆ, ಪಾಲುಪಟ್ಟಿಗಳಿಂದ ಹಾಳಾಗುವ ಹೊತ್ತಿಗೆಗೆ ಇದು ದೊಡ್ಡ ರಕ್ಷಣೆ. ಆದರೆ ಸತ್ತವರ ಹೆಸರಿನಲ್ಲಿ ದೀಕ್ಷೆ ಕೊಡುವ ಪದ್ಧತಿ ಆ ಚರ್ಚಿನಲ್ಲಿದ್ದು, ನಾತ್ಸಿಗಳ ಕೈಯಲ್ಲಿ ಸತ್ತ ಯಹೂದಿಗಳ ಹೆಸರುಗಳೂ ಅದಕ್ಕೆ ಬಳಕೆಯಾದಾಗ ಯಹೂದಿ ಸಂಘಟನೆಗಳು ಆಕ್ಷೇಪವೆತ್ತಿ, 1995ರಲ್ಲಿ ಆ ಬಗ್ಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಹೊತ್ತಿಗೆ ಹೆಳವನದು, ಹೆಸರುಗಳು ಒಕ್ಕಲು ಮನೆಗಳವು, ಚಿತ್ರ ಮೂರನೆಯವರದು. ಕಾಳಿನ ಹಕ್ಕಿನ ಹಳೆಯ ಕರಾರಿನಲ್ಲಿ ಈ ಮೂರನೆಯವರಿಗೆ ಜಾಗವಿರಲಿಲ್ಲ.

ಎಲ್ಲ ಆಧಾರಗಳೂ ಕೂಡಿ ಎಡವುವ ಜಾಗ ಹೆಣ್ಣಿನದು. ಹೆಳವನ ಹೊತ್ತಿಗೆ ಗಂಡುಸಾಲಿನದು. ವಂಶಪಾರಂಪರ್ಯ ಹುದ್ದೆಗೆ ಅಂಟಿದ ಹಕ್ಕಾದ ವತನದ ವಾರಸಿನಲ್ಲಿ ಗಂಡು ವಾರಸುದಾರರನ್ನು ಮುಂದಿಟ್ಟು ಹೆಣ್ಣುಮಕ್ಕಳನ್ನು ಹಿಂದೆ ಸರಿಸಲು ಮುಂಬಯಿ ಸರಕಾರ 1886ರಲ್ಲಿ ಪ್ರತ್ಯೇಕ ಕಾಯದೆಯನ್ನೇ ಮಾಡಿದ್ದರಿಂದ ವತನದ ಕುರ್ಸಿನಾಮೆಗಳಲ್ಲೂ ಅವರು ಅಪರೂಪ. ಸವದತ್ತಿ ಯಲ್ಲಮ್ಮನಿಗೆ ದೇವದಾಸಿಯರಾಗಿ ಬಿಟ್ಟ ಹೆಣ್ಣುಮಕ್ಕಳ ಮನೆಗಳಲ್ಲಿ ಮಾತ್ರ ತಂದೆಯ ಹೆಸರಿನ ಜಾಗಕ್ಕೆ ತಾಯಿಯ ಹೆಸರು ಬಂದು, ವಂಶ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಈ ಸೀಮೆಯಲ್ಲಿ ಹೆಣ್ಣುಸಾಲು ಕಾಗದದಲ್ಲಿ ಮುರಿಯದೆ ಉಳಿದಿರುವುದು ಸಮಾಜ ಅತ್ಯಂತ ಕೀಳಾಗಿ ಕಂಡವರಲ್ಲಿ. ಹಿಂದೂ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ 1994ರಲ್ಲೂ ದೇಶಾದ್ಯಂತ 2005ರಲ್ಲೂ ಸಮಪಾಲು ಬಂದ ಮೇಲೆ ಅವರ ಹೆಸರುಗಳು ವಂಶಾವಳಿಗೆ ತಪ್ಪದೆ ಏರುತ್ತಿವೆ, ಆದರೆ ಬಹಳ ಸಲ ಏರುವುದು 'ಹಕ್ಕಸೋಡ ಪತ್ರ'ಕ್ಕೆ ಸಹಿ ಮಾಡಿ ಇಳಿಯುವುದಕ್ಕಾಗಿ. ಅಣ್ಣನಿಗೆ ಹಕ್ಕು ಬಿಟ್ಟುಕೊಟ್ಟ ತಂಗಿಯ ಊರು, ಗಂಡನ ಹೆಸರು, ವಯಸ್ಸು ಆ ಪತ್ರದಲ್ಲಿ ಇರುತ್ತವೆ. ಬೇರೆಲ್ಲೂ ಇರುವುದಿಲ್ಲ.

ಯಹೂದಿ ಸಮಾಧಿಶಿಲೆಯ ಮೇಲೆ ಹೆಣ್ಣಿನ ಹೆಸರಿನ ಮುಂದೆ 'ಬತ್' ಎಂಬ ಪದ ಬಂದು, ಆಕೆ ಯಾರ ಮಗಳೆಂದು ತಿಳಿಸುವುದು ರೂಢಿ. ಮದುವೆಯಾಗಿ ಮಕ್ಕಳು ಮೊಮ್ಮಕ್ಕಳನ್ನು ಕಂಡು ಸತ್ತ ಮೇಲೂ ಆಕೆಯ ತವರಿನ ಎಳೆ ಕಲ್ಲಿನ ಮೇಲೆ ಉಳಿಯುತ್ತದೆ. ಚಿಕ್ಕೋಡಿ ಸೀಮೆಯ ಕಾಗದದಲ್ಲಿ ಗಂಗವ್ವನ ಮುಂದೆ ಬರುವ 'ಕೋಂ' ಆ ಎಳೆಯನ್ನು ಕತ್ತರಿಸುತ್ತದೆ; ಗಂಗವ್ವ ಬಸಪ್ಪನ ಹೆಂಡತಿ ಎಂಬುದಷ್ಟೇ ದಫ್ತರಕ್ಕೆ ಬೇಕು. ಆಕೆಯ ತವರಿನ ವಂಶ ಬೇರೊಂದು ಊರಿನಲ್ಲಿ, ಬೇರೊಬ್ಬ ಹೆಳವನ ಪಾಲಿನ ಹೊತ್ತಿಗೆಯಲ್ಲಿ, ಆಕೆಯ ತಂದೆ ಮತ್ತು ಅಣ್ಣತಮ್ಮಂದಿರ ಹೆಸರಿನಲ್ಲಿ ಇದೆ. ಆ ಊರು ಯಾವುದೆಂಬುದು ಯಾವ ಕಾಗದದಲ್ಲೂ ಸಿಗದೆ ಹೋದಾಗ ಉಳಿಯುವುದು ಮನೆಯೊಳಗಿನ ಕೂಗು. ಸೊಸೆಯಂದಿರನ್ನು ತವರೂರಿನ ಹೆಸರಿನಿಂದ ಗುರುತಿಸುವ ವಾಡಿಕೆಯಿರುವ ಮನೆಗಳಲ್ಲಿ ಎಂಬತ್ತು ದಾಟಿದ ಮುದುಕಿಯೊಬ್ಬಳನ್ನು ಕೇಳಿದರೆ, ಗಂಗವ್ವ ಎಂಬ ಹೆಸರು ನೆನಪಾಗದಿದ್ದರೂ, ಅತ್ತೆಯ ಅತ್ತೆಯನ್ನು ಎಲ್ಲರೂ ಸದಲಗಾದಾಕಿ ಎನ್ನುತ್ತಿದ್ದರೆಂದು ಹೇಳಿಯಾಳು. ಹುಡುಕಾಟ ಸದಲಗಾದ ಹೆಳವನ ಕಡೆಗೆ ತಿರುಗುತ್ತದೆ.